ಕೌಂಟರಿಗೆ ಬಾರದವರ ಲೆಕ್ಕ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಫೈನಾನ್ಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿರುವ ಮಂಗಳೂರಿನ ಹುಡುಗಿಯೊಬ್ಬರಿಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಬ್ಯಾಂಕ್ ವಿಲೀನದಿಂದ ಊರಿನ ಸಣ್ಣ ಸಾಲಗಳಿಗೆ ಏನಾಯಿತು ಅಂತ ಹುಡುಕಲು ಅಷ್ಟು ವರ್ಷ ಬೇಕೇ? ನನ್ನನ್ನು ಕೇಳಿದ್ದರೆ ಹತ್ತು ನಿಮಿಷದಲ್ಲಿ ಹೇಳುತ್ತಿದ್ದೆ. ಈಗಿನ ಎಷ್ಟೋ ಪಿಎಚ್‌ಡಿಗಳಿಂದ ಯಾರಿಗೂ ಉಪಯೋಗ ಇಲ್ಲ. 1982ರಲ್ಲಿ ಉತ್ತರ ಪ್ರದೇಶದ ಹಳ್ಳಿಯಲ್ಲಿ ಹೊಸ ಶಾಖೆ ತೆರೆದವನು ನಾನು. ನಾವೆಲ್ಲ ಮುಖ ನೋಡಿ ಸಾಲ ಕೊಟ್ಟವರು. ಒಂದು ದಿನವೂ ಕೌಂಟರಿನಲ್ಲಿ ಕೂರದವರು ಬಿಕಾಂ ಮಕ್ಕಳಿಗೆ ಏನು ಕಲಿಸುತ್ತಾರೆ? ಅಷ್ಟು ತಿಳಿದಿದ್ದರೆ ಷೇರಿನಲ್ಲಿ ದುಡ್ಡು ಮಾಡಬಹುದಿತ್ತಲ್ಲ? – ನಿವೃತ್ತ ಬ್ಯಾಂಕ್ ಅಧಿಕಾರಿ, ಉಡುಪಿ

ಸಂಪಾದಕರ ಉತ್ತರ:

ನಮಸ್ಕಾರ ಸರ್. ನಿಮ್ಮ ಪತ್ರ ಪೂರ್ತಿ ಹಾಕಲು ಜಾಗ ಸಾಲಲಿಲ್ಲ, ಮುಖ್ಯ ಸಾಲುಗಳನ್ನು ಮೇಲೆ ಕೊಟ್ಟಿದ್ದೇನೆ. ಉತ್ತರ ಮಾತ್ರ ಸ್ವಲ್ಪ ಉದ್ದ ಆಗುತ್ತದೆ. ನೀವು ಬಾಯಿಬಿಟ್ಟು ಕೇಳಿದ್ದನ್ನು ಮನಸ್ಸಲ್ಲೇ ಇಟ್ಟುಕೊಂಡ ಓದುಗರು ನಮಗೆ ಬಹಳ ಮಂದಿ ಇದ್ದಾರೆ.

ಷೇರಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ನಾಳೆ ಯಾವ ಷೇರು ಏರುತ್ತದೆ ಅಂತ ಹೇಳುವುದು ಈ ಸಂಶೋಧಕರ ಕೆಲಸ ಅಲ್ಲ. ಎಲ್ಲರಿಗೂ ಗೊತ್ತಿರುವ ಸುದ್ದಿ ಆಗಲೇ ಬೆಲೆಯೊಳಗೆ ಸೇರಿಹೋಗಿರುತ್ತದೆ ಅಂತ ಅರ್ಥಶಾಸ್ತ್ರಜ್ಞ ಯೂಜೀನ್ ಫಾಮಾ 1970ರಲ್ಲೇ ಬರೆದರು. ಮಾರುಕಟ್ಟೆ ಅಷ್ಟೇನೂ ಸರಿಯಾಗಿ ಯೋಚಿಸುವುದಿಲ್ಲ ಅಂತ ವಾದಿಸಿದವರು ರಾಬರ್ಟ್ ಶಿಲ್ಲರ್. 2013ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಮೂವರಲ್ಲಿ ಇವರಿಬ್ಬರೂ ಇದ್ದರು. ಇಂಥವರನ್ನು ಓದಿದ ವಿದ್ಯಾರ್ಥಿ ಟಿಪ್ಸ್ ಕೊಡಲು ಹಿಂಜರಿದರೆ ಅದು ಅವರ ಪ್ರಾಮಾಣಿಕತೆ.

ಈಗ ಹತ್ತು ನಿಮಿಷದ ಮಾತಿಗೆ ಬರುತ್ತೇನೆ. 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಹೋಗಿ ಬ್ಯಾಂಕ್ ಆಫ್ ಬರೋಡಾ ಸೇರಿತು. ಸರಿಯಾಗಿ ಒಂದು ವರ್ಷಕ್ಕೆ, 2020ರ ಏಪ್ರಿಲ್ 1ಕ್ಕೆ, ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. 1906ರಿಂದ 1931ರೊಳಗೆ ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿ ದೊಡ್ಡದಾಗಿ ಬೆಳೆದ ಐದು ಬ್ಯಾಂಕುಗಳಲ್ಲಿ ಮೂರರ ಬೋರ್ಡು ಒಂದು ವರ್ಷದ ಅಂತರದಲ್ಲಿ ಇಳಿಯಿತು. ಬೇಸರ ನಿಮಗೆ ಮಾತ್ರ ಅಲ್ಲ, ನಮಗೂ ಆಗಿದೆ. ಆದರೆ 2020ರ ಆ ಏಪ್ರಿಲ್ 1 ನೆನಪಿಸಿಕೊಳ್ಳಿ. ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರುವಾಗಿತ್ತು. ಅಂಗಡಿಗಳ ಶಟರ್ ಕೆಳಗಿತ್ತು, ಸಾಲದ ಕಂತು ಮುಂದಕ್ಕೆ ಹೋಗಿತ್ತು. ಹಾಗಿರುವಾಗ 2020ರ ಮೇಲೆ ಒಂದು ಪೇಟೆಯಲ್ಲಿ ಸಣ್ಣ ಸಾಲ ಕಡಿಮೆಯಾಗಿದ್ದರೆ ಅದು ವಿಲೀನದಿಂದಲೋ, ಕೊರೋನಾದಿಂದಲೋ? ಎರಡೂ ಒಂದೇ ವಾರದಲ್ಲಿ ಬಂದವು. ನೋಡಿದವರ ಕಣ್ಣಿಗೆ ಇದನ್ನು ಬೇರೆ ಮಾಡಿ ಹೇಳಲು ಸಾಧ್ಯವೇ ಇಲ್ಲ ಮಾರಾಯ್ರೇ.

ಮಂಗಳೂರಿನ ಆ ವಿದ್ಯಾರ್ಥಿನಿ ಮಾಡುತ್ತಿರುವುದು ಎರಡನ್ನೂ ಬೇರೆ ಮಾಡಿ ನೋಡುವ ಈ ಕೆಲಸವನ್ನೇ. ಎರಡು ತರದ ಪೇಟೆಗಳನ್ನು ಆರಿಸಿಕೊಂಡಿದ್ದಾರೆ. ಒಂದು ತರದ್ದರಲ್ಲಿ ಕೆನರಾ, ಸಿಂಡಿಕೇಟ್ ಎರಡೂ ಇದ್ದವು, ರಸ್ತೆಯ ಆಚೆ ಈಚೆ. ವಿಲೀನದ ನಂತರ ಒಂದಕ್ಕೆ ಬೀಗ ಬೀಳುವ ಸಂಭವ ಇಲ್ಲಿ ಜಾಸ್ತಿ. ಇನ್ನೊಂದರಲ್ಲಿ ಸಿಂಡಿಕೇಟ್ ಮಾತ್ರ ಇತ್ತು, ಬೋರ್ಡು ಬದಲಾಯಿತು, ಬಾಗಿಲು ತೆರೆದೇ ಇದೆ. ಕೊರೋನಾ ಎರಡೂ ಕಡೆ ಬಂತಲ್ವಾ? ವಿಲೀನಕ್ಕೆ ಮೊದಲು ಎರಡೂ ಕಡೆ ಸಾಲ ಒಂದೇ ಹದದಲ್ಲಿ ಏರುತ್ತಿದ್ದು, ಆಮೇಲೆ ಮೊದಲನೇ ತರದ ಪೇಟೆಗಳು ಮಾತ್ರ ಹಿಂದೆ ಬಿದ್ದಿದ್ದರೆ ಅದನ್ನು ಕೊರೋನಾದ ತಲೆಗೆ ಕಟ್ಟುವುದು ಕಷ್ಟ. ಕೇಳಲು ಸುಲಭ, ಮಾಡಲು ಅಲ್ಲ. ಪ್ರತಿ ಶಾಖೆ ಮುಚ್ಚಿದ ತಾರೀಕು ಹುಡುಕಬೇಕು. ಐಎಫ್‌ಎಸ್‌ಸಿ ಕೋಡ್ ಬದಲಾದ ಶಾಖೆಗಳ ಹಳೆಯದನ್ನೂ ಹೊಸದನ್ನೂ ಒಂದೊಂದಾಗಿ ಜೋಡಿಸಬೇಕು. ಮುಚ್ಚಿದೆ ಅಂತ ಪಟ್ಟಿಯಲ್ಲಿ ಇರುವುದು ನಿಜಕ್ಕೂ ಮುಚ್ಚಿದೆಯೋ, ಪಕ್ಕದ ಕಟ್ಟಡಕ್ಕೆ ಹೋಗಿದೆಯೋ ಅಂತ ಹೋಗಿ ನೋಡಬೇಕು. ಜಿಲ್ಲೆಯ ಮಟ್ಟದ ಸಾಲ, ಠೇವಣಿಯ ಅಂಕಿಅಂಶವನ್ನು ರಿಸರ್ವ್ ಬ್ಯಾಂಕ್ ಪ್ರಕಟಿಸುತ್ತದೆ, ಆದರೆ ಒಂದೊಂದು ಶಾಖೆ ಕೊಟ್ಟ ಸಾಲದ ವಿವರ ಹಾಗೆ ಸಿಗುವುದಿಲ್ಲ, ಅದಕ್ಕೆ ಕಚೇರಿ ಕಚೇರಿ ಅಲೆದು ಅನುಮತಿ ಪಡೆಯಬೇಕು. ವರ್ಷಗಳು ಹೋಗುವುದು ಇಲ್ಲಿ.

ಅಮೆರಿಕದ ಸಂಶೋಧಕಿಯೊಬ್ಬರು ಇದೇ ಉಪಾಯದಿಂದ ಅಲ್ಲಿನ ವಿಲೀನಗಳನ್ನು ನೋಡಿ 2019ರಲ್ಲಿ ಪ್ರಕಟಿಸಿದರು. ಶಾಖೆ ಮುಚ್ಚಿದ ಕಡೆ ಮನೆ ಸಾಲ ಬೇಗ ಸರಿಹೋಯಿತು, ಆದರೆ ಸಣ್ಣ ಉದ್ದಿಮೆಗಳ ಸಾಲ ವರ್ಷಗಟ್ಟಲೆ ಮೇಲೇಳಲಿಲ್ಲ. ಹತ್ತಿರದಲ್ಲೇ ಬೇರೆ ಬ್ಯಾಂಕುಗಳು ಇದ್ದರೂ ಹೀಗಾಯಿತು. ಮನೆ ಸಾಲಕ್ಕೆ ಕಾಗದಪತ್ರ ಸಾಕು, ಸಣ್ಣ ವ್ಯಾಪಾರಿಗೆ ತನ್ನ ಗುರುತಿರುವ ಮ್ಯಾನೇಜರ್ ಬೇಕು. ಮುಖ ನೋಡಿ ಕೊಟ್ಟೆವು ಅಂತ ನೀವು ಬರೆದಿದ್ದೀರಲ್ಲ, ಅದರ ಬೆಲೆ ಎಷ್ಟು ಅಂತ ಅಳೆದು ತೋರಿಸುವ ಕೆಲಸ ಇದು. ನಿಮ್ಮ ಕೌಂಟರಿಗೆ ಬಂದವರನ್ನು ನೀವು ಕಂಡಿರಿ. ಶಾಖೆ ಹೋದ ಮೇಲೆ ಬಾರದೇ ಉಳಿದವರು? ಎರಡು ಬಸ್ಸು ಹತ್ತಲು ಪುರುಸೊತ್ತಿಲ್ಲದೆ ಮೀಟರ್ ಬಡ್ಡಿಗೆ ಕೈಯೊಡ್ಡಿದ ಮೀನು ಮಾರುವ ಹೆಂಗಸು ಯಾವ ಬ್ಯಾಂಕಿನ ಪುಸ್ತಕದಲ್ಲೂ ಇರುವುದಿಲ್ಲ. ಅಂಥವರ ಲೆಕ್ಕ ಸಿಗಬೇಕಾದರೆ ಹೀಗೆ ಹೋಲಿಸಿಯೇ ನೋಡಬೇಕು.

ಇನ್ನೊಂದು ವಿಷಯ, ಇದನ್ನು ಬರೆಯುವಾಗ ನನಗೇ ಮೈ ಜುಮ್ಮೆಂದಿತು. 1982ರಲ್ಲಿ ನಿಮ್ಮನ್ನು ಉತ್ತರ ಪ್ರದೇಶದ ಹಳ್ಳಿಗೆ ಕಳುಹಿಸಿದ್ದು ಯಾಕೆ? 1977ರಿಂದ 1990ರವರೆಗೆ ರಿಸರ್ವ್ ಬ್ಯಾಂಕಿನ ಒಂದು ನಿಯಮ ಇತ್ತು. ಬ್ಯಾಂಕ್ ಇರುವ ಊರಿನಲ್ಲಿ ಒಂದು ಹೊಸ ಶಾಖೆ ಬೇಕಿದ್ದರೆ ಬ್ಯಾಂಕೇ ಇಲ್ಲದ ಊರುಗಳಲ್ಲಿ ನಾಲ್ಕು ತೆರೆಯಬೇಕು. ನೀವು ಬೀಗ ತೆಗೆದ ಶಾಖೆ ಆ ನಾಲ್ಕರಲ್ಲಿ ಒಂದಾಗಿರಬಹುದು. ಆ ನಿಯಮವನ್ನೇ ಹಿಡಿದು ರಾಬಿನ್ ಬರ್ಜೆಸ್ ಮತ್ತು ರೋಹಿಣಿ ಪಾಂಡೆ 2005ರಲ್ಲಿ ಪ್ರಕಟಿಸಿದ ಅಧ್ಯಯನ, ಈ ಶಾಖೆಗಳಿಂದ ಹಳ್ಳಿಗಳ ಬಡತನ ಕಡಿಮೆಯಾಯಿತು ಅಂತ ತೋರಿಸಿತು. ಜಗತ್ತಿನ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಅದನ್ನು ಪಾಠ ಮಾಡುತ್ತಾರೆ. ಅಂದರೆ ನಿಮ್ಮಂಥವರ ದುಡಿಮೆ ಪಾಠ ಆಗಿದೆ, ಸರ್.

ಎಲ್ಲ ಅಧ್ಯಯನವೂ ನಮಗೆ ಹಿತವಾದದ್ದನ್ನೇ ಹೇಳುವುದಿಲ್ಲ. 1980ರಲ್ಲಿ 200 ಕೋಟಿ ರೂಪಾಯಿಗಿಂತ ಜಾಸ್ತಿ ಠೇವಣಿ ಇದ್ದ ಆರು ಖಾಸಗಿ ಬ್ಯಾಂಕುಗಳನ್ನು ಸರ್ಕಾರ ತೆಗೆದುಕೊಂಡಿತು. ಕಾರ್ಪೊರೇಷನ್, ವಿಜಯಾ ಎರಡೂ ಅದರಲ್ಲಿದ್ದವು, ಕರ್ಣಾಟಕ ಬ್ಯಾಂಕ್ ಖಾಸಗಿಯಾಗಿಯೇ ಉಳಿಯಿತು. ಆ 200 ಕೋಟಿಯ ಗೆರೆಯ ಆಚೆ ಈಚೆಯ ಬ್ಯಾಂಕುಗಳನ್ನು ಹೋಲಿಸಿದ ಶಾನ್ ಕೋಲ್ 2009ರಲ್ಲಿ ಬರೆದದ್ದು, ರಾಷ್ಟ್ರೀಕರಣದಿಂದ ಕೃಷಿ ಸಾಲ ಹೆಚ್ಚಿತು, ಆದರೆ ಕೃಷಿ ಅದಕ್ಕೆ ತಕ್ಕಂತೆ ಸುಧಾರಿಸಿದ್ದು ಕಾಣಲಿಲ್ಲ ಅಂತ. ಎರಡನ್ನೂ ಓದಿ, ಯಾವುದು ಎಲ್ಲಿಯವರೆಗೆ ಸರಿ ಅಂತ ತೂಗಿ ನೋಡುವುದೇ ಪಿಎಚ್‌ಡಿಯ ಅರ್ಧ ಕೆಲಸ.

ನಿಮ್ಮ ಒಂದು ದೂರು ಸರಿ ಇದೆ. ನೂರು ಜನಕ್ಕೆ ಫಾರಂ ಹಂಚಿ, ಗ್ರಾಹಕರಿಗೆ ತೃಪ್ತಿ ಇದೆ ಅಂತ ಬರೆದು, ದುಡ್ಡು ಕೊಟ್ಟರೆ ಏನನ್ನೂ ಅಚ್ಚು ಹಾಕುವ ಜರ್ನಲ್‌ನಲ್ಲಿ ಪ್ರಕಟಿಸಿ ಡಾಕ್ಟರ್ ಆದವರು ಇದ್ದಾರೆ. ಅದರಿಂದ ಯಾರಿಗೂ ಉಪಯೋಗ ಇಲ್ಲ. ನಾಲ್ಕು ಪುಟ ಕೊಟ್ಟದ್ದು ಇವರು ಆ ದಾರಿ ಹಿಡಿಯಲಿಲ್ಲ ಅಂತಲೇ.

ಪಾಠದ ವಿಷಯ. ಪಿಎಚ್‌ಡಿ ವಿದ್ಯಾರ್ಥಿಗಳಿಗೆ ವಾರಕ್ಕೆ 4ರಿಂದ 6 ಗಂಟೆ ಬೋಧನೆ ಅಥವಾ ಸಂಶೋಧನೆಯ ಸಹಾಯಕ ಕೆಲಸ ಕೊಡಬಹುದು ಅಂತ ಯುಜಿಸಿಯ 2022ರ ನಿಯಮದಲ್ಲೇ ಇದೆ. ಅವರ ಬಿಕಾಂ ತರಗತಿಯಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಬೋರ್ಡಿನ ಮೇಲೆ ಬರೆದರು: ಸ್ಕೂಟರ್ ಸಾಲ 60,000 ರೂಪಾಯಿ, ಎರಡು ವರ್ಷ, ಫ್ಲಾಟ್ ಬಡ್ಡಿ ಶೇ 10. ಬಡ್ಡಿ 12,000, ಒಟ್ಟು 72,000, ತಿಂಗಳಿಗೆ 3,000 ಕಂತು. ಸರಿ ತಾನೇ ಅಂತ ಕೇಳಿದರು. ಎಲ್ಲರೂ ಸರಿ ಅಂದರು. ಹಾಗಾದರೆ ಹನ್ನೆರಡು ಕಂತು ಕಟ್ಟಿದ ಮೇಲೂ ಪೂರ್ತಿ 60,000ಕ್ಕೆ ಯಾಕೆ ಬಡ್ಡಿ ಕೊಡುತ್ತಿದ್ದೀರಿ? ತರಗತಿ ಗಪ್‌ಚುಪ್. ಉಳಿದ ಅಸಲಿಗೆ ಮಾತ್ರ ಬಡ್ಡಿ ಅಂತ ಲೆಕ್ಕ ಹಾಕಿಸಿದರು, ದರ ಶೇ 18ರ ಮೇಲೆ ಬಂತು. ಒಬ್ಬ ಹುಡುಗ ಎದ್ದು, ನಮ್ಮ ಅಣ್ಣ ಮೊನ್ನೆಯಷ್ಟೇ ಸೈನ್ ಹಾಕಿ ಬಂದ ಅಂದ. ಇನ್ನೊಂದು ದಿನ ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿಯ 2024ರ ವರದಿ ತಂದಿದ್ದರಂತೆ. ಷೇರಿನ ಮುಂದಿನ ಬೆಲೆಯ ಮೇಲೆ ನಡೆಯುವ ಫ್ಯೂಚರ್ಸ್, ಆಪ್ಷನ್ಸ್ ವ್ಯವಹಾರಕ್ಕೆ ಇಳಿದ ಸಾಮಾನ್ಯ ಜನರಲ್ಲಿ ಮೂರು ವರ್ಷದಲ್ಲಿ ಶೇ 93 ಮಂದಿ ದುಡ್ಡು ಕಳೆದುಕೊಂಡಿದ್ದಾರೆ. ಬೆಂಚಿನ ಕೆಳಗೆ ಮೊಬೈಲಿನಲ್ಲಿ ಆಪ್ಷನ್ಸ್ ಆಡುವ ಮಕ್ಕಳಿಗೆ ಇದನ್ನು ಯಾರಾದರೂ ಹೇಳಲೇಬೇಕಿತ್ತು.

ಅವರಿಗೆ ಈಗ ಬೇಕಾಗಿರುವುದು ನಿಮ್ಮಂಥವರು. ಯಾವ ಶಾಖೆಯನ್ನು ಯಾಕೆ ಮುಚ್ಚಿದರು, ಮ್ಯಾನೇಜರಿಗೆ ಎಷ್ಟರವರೆಗೆ ಸಾಲ ಕೊಡುವ ಅಧಿಕಾರ ಇತ್ತು, ಅದು ಯಾವಾಗ ಮೇಲಿನ ಆಫೀಸಿಗೆ ಹೋಯಿತು, ಇವೆಲ್ಲ ಅಂಕಿಅಂಶದ ಪಟ್ಟಿಯಲ್ಲಿ ಸಿಗುವುದಿಲ್ಲ. ಶನಿವಾರ ಅವರಿಗೆ ತರಗತಿ ಇರುವುದಿಲ್ಲ, ಮಂಗಳೂರಿನಿಂದ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಉಡುಪಿಗೆ ಬರಲು ತಯಾರಿದ್ದಾರೆ. ನೀವು ಹೂಂ ಅಂದರೆ ನಿಮ್ಮ ಫೋನ್ ನಂಬರ್ ಕೊಡುತ್ತೇನೆ. ಹತ್ತು ನಿಮಿಷ ಸಾಲದು, ಮಧ್ಯಾಹ್ನದವರೆಗೆ ಬಿಡುವು ಮಾಡಿಕೊಳ್ಳಿ.