ಗೋಡೆಗೆ ಫೋಮ್ ಅಂಟಿಸಿದರೆ ಪಕ್ಕದ ಕೋಣೆಯ ಸದ್ದು ನಿಲ್ಲುತ್ತದೆಯೇ?

ನಿಲ್ಲುವುದಿಲ್ಲ. ನಮ್ಮ ಮನೆಯಲ್ಲಿ ಎರಡು ಕೋಣೆಗಳ ನಡುವೆ ಇರುವುದು 4 ಇಂಚಿನ ಬ್ಲಾಕ್ ಗೋಡೆ. ಅದರ ಒಂದು ಕಡೆ ಮಗಳ ಮೃದಂಗದ ಅಭ್ಯಾಸ, ಇನ್ನೊಂದು ಕಡೆ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವ ನಾನು. ಮೊದಲು ನಾನೂ ಫೋಮ್ ಹಾಳೆಗಳನ್ನೇ ಅಂಟಿಸಿ ದುಡ್ಡು ಕಳೆದುಕೊಂಡೆ. ಫೋಮ್ ಕೋಣೆಯೊಳಗಿನ ಪ್ರತಿಧ್ವನಿಯನ್ನು ತಗ್ಗಿಸುತ್ತದೆಯೇ ಹೊರತು, ತೀರ ಹಗುರವಾದ ವಸ್ತುವಾದ್ದರಿಂದ ಗೋಡೆ ದಾಟುವ ಸದ್ದನ್ನು ತಡೆಯಲಾರದು. ಮೊಟ್ಟೆಯ ಟ್ರೇಗಳಂತೂ ಅಷ್ಟಕ್ಕೂ ಒದಗುವುದಿಲ್ಲ.

ಗೋಡೆಗೆ ಕೈಹಾಕುವ ಮುನ್ನ ಸಂದುಗಳನ್ನು ಹುಡುಕಿ. 100 ಚದರಡಿ ಗೋಡೆಯಲ್ಲಿ ಎಲ್ಲ ಸೇರಿ 1 ಚದರಡಿಯಷ್ಟು ಕಿಂಡಿಯಿದ್ದರೂ ಶಬ್ದಶಕ್ತಿಯ ನೂರರಲ್ಲೊಂದು ಪಾಲು ಅಲ್ಲಿಂದಲೇ ನುಸುಳುವುದರಿಂದ, ಉಳಿದ ಭಾಗವನ್ನು ಕಲ್ಲಿನಲ್ಲಿ ಕಟ್ಟಿದ್ದರೂ ಒಟ್ಟು ತಡೆ ಸುಮಾರು 20 ಡೆಸಿಬೆಲ್ ಮೀರುವುದಿಲ್ಲ. ನಮ್ಮಲ್ಲಿ ಎರಡೂ ಕೋಣೆಗಳ ಸ್ವಿಚ್ ಬಾಕ್ಸ್‌ಗಳು ಬೆನ್ನಿಗೆ ಬೆನ್ನು ಹಚ್ಚಿ ಕೂತಿದ್ದವು. ಫಾಲ್ಸ್ ಸೀಲಿಂಗ್ ಬಿಚ್ಚಿಸಿದಾಗ ಗೋಡೆಯ ಮೇಲಂಚು ಸ್ಲ್ಯಾಬನ್ನು ಮುಟ್ಟಿಯೇ ಇರಲಿಲ್ಲ! ಒಂದು ಬಾಕ್ಸನ್ನು ಬೇರೆಡೆಗೆ ಸರಿಸಿ, ಮೇಲಿನ ಸಂದಿಗೆ ಗಾರೆ ತುಂಬಿಸಿ, ಬಾಗಿಲುಗಳ ಅಡಿಗೆ ರಬ್ಬರ್ ಪಟ್ಟಿ ಹಾಕಿಸಿದ ಮೇಲೆ ಪಕ್ಕದ ಕೋಣೆಯ ಮಾತು ಕೇಳಿಸಿದರೂ ತಿಳಿಯದಷ್ಟಾಯಿತು.

ಅಷ್ಟು ಸಾಲದಿದ್ದರೆ ಮಾತ್ರ ಗೋಡೆಯ ಕೆಲಸ. ಗೋಡೆಯ ತೂಕವನ್ನು ಎರಡರಷ್ಟು ಮಾಡಿದರೂ ಸಿಗುವುದು 5–6 ಡೆಸಿಬೆಲ್ ಮಾತ್ರ, ಆದರೆ ಸದ್ದು ಅರ್ಧಕ್ಕಿಳಿದಂತೆ ಕಿವಿಗೆ ಅನಿಸಲು ಸುಮಾರು 10 ಡೆಸಿಬೆಲ್ ತಗ್ಗಬೇಕು. ಆದ್ದರಿಂದ ಗಾರೆಯ ಮೇಲೆ ಗಾರೆ ಬಳಿಸುವುದಕ್ಕಿಂತ ಹಳೆಯ ಗೋಡೆಯನ್ನು ಮುಟ್ಟದ ಇನ್ನೊಂದು ಪದರವನ್ನು ನಿಲ್ಲಿಸುವುದೇ ಲೇಸು. ಗೋಡೆಯಿಂದ 1 ಇಂಚು ಬಿಟ್ಟು, ನೆಲಕ್ಕೂ ಸ್ಲ್ಯಾಬಿಗೂ ಮಾತ್ರ ಬಿಗಿದ ಜಿಐ ಚಾನೆಲ್ (ಸತು ಲೇಪಿಸಿದ ತಗಡಿನ ಪಟ್ಟಿ) ಚೌಕಟ್ಟಿನೊಳಗೆ 50 ಮಿಲಿಮೀಟರ್ ರಾಕ್‌ವುಲ್ (ಕಲ್ಲಿನ ನಾರಿನ ಹಾಸು) ತುಂಬಿ, ಅದರ ಮೇಲೆ 12.5 ಮಿಲಿಮೀಟರ್‌ನ ಜಿಪ್ಸಮ್ ಬೋರ್ಡನ್ನು ಜೋಡುಗೆರೆಗಳು ಒಂದರ ಮೇಲೊಂದು ಬಾರದಂತೆ ಎರಡು ಪದರ ಹೊಡೆಸಿ, ಸುತ್ತಲಿನ ಅಂಚಿಗೆ ಒಣಗಿದ ಮೇಲೂ ಮೆತ್ತಗೇ ಉಳಿಯುವ ಸೀಲೆಂಟ್ (ಸಂದು ಮುಚ್ಚುವ ಅಂಟು) ಹಾಕಿಸಬೇಕು. ಕೋಣೆಯ ಅಗಲ ಸುಮಾರು 4 ಇಂಚು ಕಡಿಮೆಯಾಗುತ್ತದೆ. ಕೆಲಸ ನಡೆಯುವಾಗ ಖುದ್ದಾಗಿ ನಿಂತು ನೋಡಿ: ಚೌಕಟ್ಟು ಅಲುಗುತ್ತದೆಂದು ಕೆಲಸಗಾರರು ಸದುದ್ದೇಶದಿಂದಲೇ ಅದನ್ನು ಹಳೆಯ ಗೋಡೆಗೆ ಸ್ಕ್ರೂ ಹೊಡೆದು ಬಿಗಿದರೆ, ಕಂಪನಕ್ಕೆ ಸೇತುವೆ ಕಟ್ಟಿಕೊಟ್ಟಂತಾಗುತ್ತದೆ.

ಇಷ್ಟೆಲ್ಲ ಮಾಡಿಸಿದರೂ ಮೃದಂಗದ ಎಡಗಡೆಯ ಗುಮ್ಮೆನ್ನುವ ನಾದ ನೆಲದ ಮೂಲಕ ಅಷ್ಟಿಷ್ಟು ಬರುತ್ತಲೇ ಇದೆ, ಏಕೆಂದರೆ ತಗ್ಗು ಸ್ಥಾಯಿಯ ಶಬ್ದವನ್ನು ತಡೆಯುವುದು ಎಲ್ಲಕ್ಕಿಂತ ಕಷ್ಟ. ಸದ್ಯಕ್ಕೆ ಮಗಳನ್ನು ದಪ್ಪ ಜಮಖಾನದ ಮೇಲೆ ಕೂರಿಸಿದ್ದೇವೆ.