ಪಟ್ಟಿಯಲ್ಲಿದ್ದರೆ ಚಿತ್ರದಲ್ಲಿ ಇದ್ದೇ ಇರುತ್ತದೆ: ಒಂದು ಆಪ್ತಸಲಹೆ ಪ್ರಕರಣ

ಈ ಪ್ರಕರಣವನ್ನು ಬರೆಯಲು ಎರಡು ಕಾರಣಗಳಿವೆ. ಹಾಸನದ ನನ್ನ ಸಲಹಾ ಕೊಠಡಿಗೆ "ನಮ್ಮ ಮನೆಯವಳಿಗೆ ಮೊಬೈಲ್ ಚಟ ಹತ್ತಿದೆ, ಬಿಡಿಸಿಕೊಡಿ" ಎಂದು ಕರೆತರಲಾಗುವ ನಡುವಯಸ್ಸಿನ ಹೆಣ್ಣುಮಕ್ಕಳು ಆಡುವ ಆಟ ಬಹಳ ಸಲ ಒಂದೇ ಬಗೆಯದಾಗಿರುತ್ತದೆ. ಸಾಮಾನು ತುಂಬಿದ ಚಿತ್ರವೊಂದರಲ್ಲಿ ಅಡಗಿರುವ ವಸ್ತುಗಳನ್ನು ಒಂದೊಂದಾಗಿ ಹುಡುಕಿ, ನಡುನಡುವೆ ಬೀಗ ಒಗಟುಗಳನ್ನು ಬಿಡಿಸಿ, ಕಥೆಯೊಂದನ್ನು ಕೊನೆ ಮುಟ್ಟಿಸುವ ಆಟ ಅದು. ಎರಡನೆಯ ಕಾರಣ ನನ್ನದೇ ಒಂದು ತಪ್ಪು. ಕೆಲವು ವರ್ಷಗಳ ಹಿಂದೆ, ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದಿದ್ದ ತಂದೆಯನ್ನು ನೋಡಿಕೊಳ್ಳುತ್ತಿದ್ದ ಮಹಿಳೆಯೊಬ್ಬರಿಗೆ ಇಂಥದೇ ಆಟವನ್ನು ಫೋನಿನಿಂದ ತೆಗೆದುಹಾಕುವಂತೆ ಹೇಳಿದ್ದೆ. ತಿಂಗಳ ನಂತರ ಅವರು ಕರೆ ಮಾಡಿ, "ತೆಗೆದುಹಾಕಿದೆ ಮೇಡಂ, ಈಗ ಆ ಹೊತ್ತಿಗೆ ಗೋಡೆ ನೋಡ್ಕೊಂಡು ಕೂತಿರ್ತೀನಿ" ಎಂದರು. ಮತ್ತೆ ಅವರು ಬರಲಿಲ್ಲ. ಆ ಆಟ ಅವರಿಗೆ ಏನು ಕೊಡುತ್ತಿತ್ತು ಎಂದು ನಾನು ಒಂದು ಸಲವೂ ಕೇಳಿರಲಿಲ್ಲ.

ಇಲ್ಲಿ ಬರೆಯುತ್ತಿರುವ ದಂಪತಿಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಸಕಲೇಶಪುರದ ಕಡೆಯ ಕಾಫಿ ತೋಟದ ಹಳೆಯ ಮನೆ, ಐವತ್ತು ದಾಟಿದ ಗಂಡ ಹೆಂಡತಿ, ಊರು ಬಿಟ್ಟು ಕೆಲಸಕ್ಕೆ ಸೇರಿದ ಮಗಳು, ಎಂಬತ್ತು ದಾಟಿದ ಅತ್ತೆ. ಅತ್ತೆಗೆ ಮರೆವಿನ ಕಾಯಿಲೆ ಇರುವುದನ್ನು ವೈದ್ಯರು ಖಚಿತಪಡಿಸಿ ಮೂರು ವರ್ಷವಾಗಿತ್ತು. ಅವರು ಕನ್ನಡಕ, ಹಲ್ಲಿನ ಸೆಟ್ಟು, ಬೀರುವಿನ ಬೀಗದ ಕೈ, ಕೆಲವೊಮ್ಮೆ ಊಟದ ತಟ್ಟೆಯನ್ನೂ ಎಲ್ಲೆಲ್ಲೋ ಬಚ್ಚಿಟ್ಟು ಮರೆಯುತ್ತಿದ್ದರು. ಹುಡುಕುವ ಕೆಲಸ ಸೊಸೆಯದು. ರಾತ್ರಿ ಹತ್ತರ ಮೇಲೆ, ಅತ್ತೆ ಮಲಗಿದ ನಂತರ, ಅವರು ಮಗಳು ಕೊಟ್ಟುಹೋದ ಟ್ಯಾಬ್‌ನಲ್ಲಿ ಒಂದೂವರೆ ಗಂಟೆ ಈ ಆಟ ಆಡುತ್ತಿದ್ದರು. ಮೊದಲ ದಿನ ಪತಿ ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು: "ಹಗಲೆಲ್ಲ ಅವ್ವ ಬಚ್ಚಿಟ್ಟಿದ್ದನ್ನ ಹುಡುಕಿ ಸುಸ್ತಾಯ್ತು ಅಂತಾಳೆ, ರಾತ್ರಿ ಅದರಲ್ಲೂ ಹುಡುಕ್ತಾ ಕೂರ್ತಾಳೆ. ಇದು ಕಾಯಿಲೆ ಅಲ್ದೆ ಇನ್ನೇನು ಮೇಡಂ?"

ಕಾಯಿಲೆಯೇ ಎಂಬುದನ್ನು ಮೊದಲು ನೋಡಬೇಕಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಗಳ ವರ್ಗೀಕರಣ 2022ರ ಜನವರಿ 1ರಿಂದ ಜಾರಿಯಲ್ಲಿದ್ದು, ಅದರಲ್ಲಿ ಆಟದ ಚಟಕ್ಕೆ ಪ್ರತ್ಯೇಕ ಸ್ಥಾನವಿದೆ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಬದುಕಿನ ಉಳಿದೆಲ್ಲ ಕೆಲಸ ಮತ್ತು ಆಸಕ್ತಿಗಳನ್ನು ಆಟ ಹಿಂದಕ್ಕೆ ತಳ್ಳಿರಬೇಕು, ಕೆಡುಕಾಗುತ್ತಿದ್ದರೂ ಆಟ ಮುಂದುವರಿದಿರಬೇಕು, ಮತ್ತು ಈ ಸ್ಥಿತಿ ಸಾಮಾನ್ಯವಾಗಿ 12 ತಿಂಗಳಾದರೂ ಕಂಡುಬಂದಿರಬೇಕು ಎಂದು ಅದು ಹೇಳುತ್ತದೆ. ಈ ಮಹಿಳೆ ಅತ್ತೆ ಎದ್ದ ಸದ್ದು ಕೇಳಿದೊಡನೆ ಟ್ಯಾಬ್ ಮಡಚಿಟ್ಟು ಹೋಗುತ್ತಿದ್ದರು. ಆಟಕ್ಕಾಗಿ ಸಾಲ ಮಾಡಿರಲಿಲ್ಲ, ಸುಳ್ಳು ಹೇಳಿರಲಿಲ್ಲ. ನಿದ್ದೆ ಒಂದಷ್ಟು ಕಡಿಮೆಯಾಗಿತ್ತು, ಅಷ್ಟೇ. ನಿಜವಾಗಿ ಹಿಡಿತ ತಪ್ಪಿದವರನ್ನು ನಾನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ, ಮೊಬೈಲ್ ಮತ್ತು ಇಂಟರ್ನೆಟ್ಟಿನ ಅತಿಬಳಕೆಗೆ ಚಿಕಿತ್ಸೆ ನೀಡುವ ಶಟ್ ಕ್ಲಿನಿಕ್‌ಗೆ ಕಳುಹಿಸುತ್ತೇನೆ; ಇವರನ್ನು ಕಳುಹಿಸುವ ಕಾರಣ ನನಗೆ ಕಾಣಲಿಲ್ಲ.

ಮೂರನೆಯ ಭೇಟಿಯಲ್ಲಿ ಟ್ಯಾಬ್ ತರಲು ಹೇಳಿದ್ದೆ. "ನನಗೆ ಈ ಆಟ ಬರುವುದಿಲ್ಲ, ಹೇಳಿಕೊಡಿ" ಎಂದೆ. ಅವರು ಸಂಕೋಚದಿಂದಲೇ ತೆರೆದರು. ಹಳೆಯ ಬಂಗಲೆಯೊಂದರ ಅಟ್ಟ. ಮುರಿದ ಕುರ್ಚಿ, ಪೆಟ್ಟಿಗೆ, ದೀಪ, ಗೊಂಬೆ, ಹಕ್ಕಿಯ ಪಂಜರ, ಧೂಳು ಹಿಡಿದ ಪಟಗಳು. ಕೆಳಗೆ ಹನ್ನೆರಡು ವಸ್ತುಗಳ ಪಟ್ಟಿ ಇಂಗ್ಲಿಷಿನಲ್ಲಿತ್ತು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಆಕೆ ಅದರಲ್ಲಿನ 'ಥಿಂಬಲ್' ಎಂಬ ಪದವನ್ನು ತೋರಿಸಿ, "ಇದು ಏನು ಅಂತ ಮೊದಲು ಗೊತ್ತಿರ್ಲಿಲ್ಲ. ಮಿಕ್ಕಿದ್ದೆಲ್ಲ ಸಿಕ್ಕ ಮೇಲೆ ಉಳಿದಿದ್ದು ಇದೊಂದೇ, ಹೊಲಿಯುವಾಗ ಬೆರಳಿಗೆ ಹಾಕ್ಕೊಳ್ಳೋ ಟೊಪ್ಪಿ ಅಂತ ಆಮೇಲೆ ಗೊತ್ತಾಯ್ತು" ಎಂದರು. ಹೀಗೆ ಕಲಿತ ಪದಗಳು ಅವರಲ್ಲಿ ಇನ್ನೂ ಎಷ್ಟೋ ಇದ್ದವು. ಅವುಗಳ ಬಗ್ಗೆ ಹೇಳುವಾಗ ಅವರ ದನಿಯಲ್ಲಿ ಮೊದಲೆರಡು ಭೇಟಿಗಳಲ್ಲಿ ನಾನು ಕೇಳದ ಒಂದು ಉತ್ಸಾಹವಿತ್ತು.

ಪತಿಗೂ ಕೈಯಾಡಿಸುವ ಮನಸ್ಸಾಯಿತು. ಕತ್ತರಿ ಸಿಗದೆ ಹೋದಾಗ ಅವರು ಚಿತ್ರದ ಮೇಲೆ ಎಲ್ಲೆಂದರಲ್ಲಿ ಬೆರಳೊತ್ತಿದರು. ಆಟ ಕೆಲವು ಕ್ಷಣ ಅವರ ಬೆರಳಿಗೆ ಓಗೊಡದೆ ನಿಂತುಬಿಟ್ಟಿತು. ಸುಮ್ಮನೆ ಒತ್ತುತ್ತ ಹೋಗುವವರನ್ನು ತಡೆಯಲು ಇಂಥ ಆಟಗಳಲ್ಲಿ ಮಾಡಿರುವ ಏರ್ಪಾಡು ಅದು. ಆಕೆ ಮೆಲ್ಲಗೆ, "ಸಿಕ್ಕಸಿಕ್ಕಲ್ಲಿ ಒತ್ತಬೇಡಿ ರೀ, ಸ್ವಲ್ಪ ನೋಡಿ" ಎಂದರು. ಕತ್ತರಿಯ ಎರಡು ಅಲಗುಗಳು ಪಂಜರದ ಕಂಬಿಗಳ ಜೊತೆ ಸೇರಿಕೊಂಡಿದ್ದವು. ಪತಿ ಅದನ್ನು ಕಂಡಾಗ, ತಮಗರಿವಿಲ್ಲದೆ "ಅಯ್ಯೋ, ಇಲ್ಲೇ ಇತ್ತಲ್ಲ!" ಎಂದರು.

ಹಗಲಿನ ಹುಡುಕಾಟಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಆಗ ಕೇಳಿದೆ. ಆಕೆ ಟ್ಯಾಬ್‌ನಿಂದ ಕಣ್ಣೆತ್ತದೆ ಹೇಳಿದ ಮಾತನ್ನು ಭೇಟಿ ಮುಗಿದ ಮೇಲೆ ನಾನು ಹಾಗೆಯೇ ಬರೆದಿಟ್ಟುಕೊಂಡೆ: "ಇದರಲ್ಲಿ ಪಟ್ಟೀಲಿದೆ ಅಂದ್ರೆ ಚಿತ್ರದಲ್ಲಿ ಇದ್ದೇ ಇರುತ್ತೆ ಮೇಡಂ. ಮನೇಲಿ ಹಂಗಲ್ಲ. ಅತ್ತೆ ಬಳೆ ಎಲ್ಲಿ ಅಂತಾರೆ. ಆ ಬಳೆ ಮನೇಲೇ ಇದ್ಯೋ, ಕಸದ ಜೊತೆ ಗೊಬ್ಬರದ ಗುಂಡಿಗೆ ಹೋಯ್ತೋ ಯಾರಿಗೆ ಗೊತ್ತು? ಇರೋದನ್ನ ಹುಡುಕೋದು ಬೇರೆ, ಇದ್ಯೋ ಇಲ್ವೋ ಅಂತ ಹುಡುಕೋದು ಬೇರೆ." ಸ್ವಲ್ಪ ತಡೆದು, "ಇಲ್ಲಿ ಸಿಗ್ಲಿಲ್ಲ ಅಂದ್ರೆ ಯಾರೂ ನನ್ನ ಕಳ್ಳಿ ಅನ್ನಲ್ಲ" ಎಂದರು.

ಪತಿ, "ಅವ್ವಂಗೆ ಕಾಯಿಲೆ, ಅದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡ ಅಂತ ಹೇಳಿದ್ದೆ" ಎಂದು ನನ್ನ ಕಡೆ ನೋಡಿದರು. "ಹೇಳಿದ್ರಿ. ಬಳೆ ಹುಡುಕೋಕೆ ಬಂದಿರ್ಲಿಲ್ಲ" ಎಂದರು ಆಕೆ. ಅದರಲ್ಲಿ ಸಿಟ್ಟಿರಲಿಲ್ಲ. ಕೊಠಡಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆಟದಲ್ಲಿ ಅವರಿಗೆ ಸಿಗುತ್ತಿದ್ದ ಸಂತೋಷದ ಮೂಲ ಇಲ್ಲಿದೆ ಎಂದು ನಾನು ನಂಬಿದ್ದೇನೆ. ಪಟ್ಟಿ ಎಂಬುದು ಆಟ ಕಟ್ಟಿದವರು ಆಡುವವರಿಗೆ ಕೊಟ್ಟ ಮಾತು. ಕಷ್ಟವಾಗಬಹುದು, ತಡವಾಗಬಹುದು, ಆದರೆ ವಸ್ತು ಕಣ್ಣೆದುರಿಗೇ ಇದೆ. ತೀರಾ ಸಿಗದಿದ್ದರೆ ಸುಳಿವಿನ ಗುಂಡಿ ಇದೆ. ಒಮ್ಮೆ ಬಳಸಿದರೆ ಅದು ಮತ್ತೆ ತುಂಬಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯುವುದರಿಂದ, ಸಹಾಯ ಉಂಟು ಎಂಬ ಧೈರ್ಯದ ಜೊತೆಗೆ ಇನ್ನೊಂದು ಸಲ ತಾನೇ ನೋಡೋಣ ಎಂಬ ಛಲವೂ ಉಳಿಯುತ್ತದೆ. ಒಗಟು ಬಿಡಿಸಲಾಗದಿದ್ದರೆ ಅದನ್ನು ದಾಟಿ ಹೋಗಲು ಸಾಮಾನ್ಯವಾಗಿ ದಾರಿ ಇರುತ್ತದೆ. ಅಮೆರಿಕದ ಬಿಗ್ ಫಿಶ್ ಗೇಮ್ಸ್ ಕಂಪನಿ 2005ರಲ್ಲಿ 'ಮಿಸ್ಟರಿ ಕೇಸ್ ಫೈಲ್ಸ್' ಸರಣಿಯ ಮೊದಲ ಆಟವನ್ನು ಹೊರತಂದಾಗ ಅದರಲ್ಲಿ ಗಡಿಯಾರ ಓಡುತ್ತಿತ್ತು, ಸಮಯ ಮುಗಿಯುವುದರೊಳಗೆ ಹುಡುಕಬೇಕಾಗಿತ್ತು. ಬರಬರುತ್ತ ಈ ಬಗೆಯ ಆಟಗಳಲ್ಲಿ ಅಂಥ ಗಡಿಯಾರ ಅಪರೂಪವಾಯಿತು; ಅದರ ಜಾಗಕ್ಕೆ ಕಥೆ, ಒಗಟು, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ನಡೆಯುವ ಸಾಹಸ ಬಂದವು. ಔಷಧಿ, ಸ್ನಾನ, ಊಟ ಎಂದು ಹಗಲಿಡೀ ಗಡಿಯಾರಕ್ಕೆ ದುಡಿದ ಹೆಂಗಸಿಗೆ ರಾತ್ರಿಯ ಆಟದಲ್ಲಿ ಗಡಿಯಾರವಿಲ್ಲದಿರುವುದು ಸಣ್ಣ ವಿಷಯವಲ್ಲ.

ಕಣ್ಣಿನ ಕೆಲಸವೂ ಇದೆ. 1980ರಲ್ಲಿ ಆನ್ ಟ್ರೀಸ್‌ಮನ್ ಎಂಬ ಮನಶ್ಶಾಸ್ತ್ರಜ್ಞೆ ಸಹೋದ್ಯೋಗಿಯೊಬ್ಬರ ಜೊತೆ ಪ್ರಕಟಿಸಿದ ಪ್ರಸಿದ್ಧ ಸಿದ್ಧಾಂತದ ಪ್ರಕಾರ, ಹಸಿರಿನ ನಡುವೆ ಕೆಂಪಿನಂತೆ ಒಂದೇ ಗುಣದಿಂದ ಬೇರೆಯಾಗಿರುವ ವಸ್ತು ತಾನಾಗಿಯೇ ಕಣ್ಣಿಗೆ ಹಾರಿ ಬರುತ್ತದೆ. ಬಣ್ಣ ಮತ್ತು ಆಕಾರ ಎರಡನ್ನೂ ಕೂಡಿಸಿ ಗುರುತಿಸಬೇಕಾದಾಗ ಮಾತ್ರ ಗಮನವನ್ನು ಒಂದೊಂದರ ಮೇಲೂ ಇಡುತ್ತ ಸಾಗಬೇಕಾಗುತ್ತದೆ. ಈ ಆಟದ ಚಿತ್ರಕಾರರ ಜಾಣ್ಮೆ ಅಲ್ಲಿದೆ. ಕತ್ತರಿಯನ್ನು ಕಂಬಿಯ ಬಣ್ಣದಲ್ಲಿ, ಚಿಟ್ಟೆಯನ್ನು ಪರದೆಯ ಹೂವಿನ ನಡುವೆ ಇಟ್ಟು ಕಣ್ಣನ್ನು ನಿಧಾನಿಸುತ್ತಾರೆ. ಹೀಗೆ ಗಮನ ಪೂರ್ತಿಯಾಗಿ ಒಂದು ಕಡೆ ನೆಟ್ಟಾಗ ಚಿಂತೆಗೆ ಜಾಗ ಕಡಿಮೆ. ಟಿವಿ ನೋಡುವಾಗ ಅತ್ತೆಯ ಮಾತು ನೆನಪಾಗುತ್ತಿತ್ತೆಂದೂ ಆಟದಲ್ಲಿ ನೆನಪಾಗುವುದಿಲ್ಲವೆಂದೂ ಆಕೆಯೇ ಹೇಳಿದ್ದರು. ಕಂಡುಹಿಡಿದ ಮರುಕ್ಷಣ, ಅಷ್ಟು ಹೊತ್ತು ಕಾಣದಿದ್ದ ಕತ್ತರಿ ಇನ್ನು ಕಾಣದೆ ಇರುವುದೇ ಸಾಧ್ಯವಿಲ್ಲ ಎನ್ನುವಷ್ಟು ಸ್ಪಷ್ಟವಾಗುತ್ತದೆ. ಪಟ್ಟಿಯಲ್ಲಿ ಅದರ ಹೆಸರಿನ ಮೇಲೆ ಗೆರೆ ಬೀಳುತ್ತದೆ, ಆ ಗೆರೆ ಹಾಗೆಯೇ ಉಳಿಯುತ್ತದೆ. ಸಿಕ್ಕ ಬೀಗದ ಕೈ ಮುಂದಿನ ಕೋಣೆಯ ಬಾಗಿಲನ್ನು ತೆರೆಯುತ್ತದೆ. ಮನೆಯಲ್ಲಾದರೋ ಬೆಳಿಗ್ಗೆ ಹುಡುಕಿಕೊಟ್ಟ ಕನ್ನಡಕ ಮಧ್ಯಾಹ್ನಕ್ಕೆ ಮತ್ತೆ ಕಾಣೆಯಾಗುತ್ತದೆ. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರ ಕೆಲಸಕ್ಕೆ ಮುಗಿಯಿತು ಎನ್ನುವ ಗೆರೆ ಬೀಳುವುದೇ ಇಲ್ಲ.

ಪತಿ, "ಆದ್ರೂ ಇದು ಮಕ್ಕಳಾಟ ಅಲ್ವಾ?" ಎಂದು ಕೇಳಿದರು. ಬೇಲೂರಿಗೆ ಶಾಲೆಯ ಪ್ರವಾಸ ಹೋಗಿದ್ದಿರಾ ಎಂದು ನಾನು ಕೇಳಿದೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದಲ್ಲಿ, ಶಿಲಾಬಾಲಿಕೆಯೊಬ್ಬಳ ತಲೆಯ ಮೇಲಿನ ಎಲೆಬಳ್ಳಿಯ ಕೆತ್ತನೆಯಲ್ಲಿ ಹಣ್ಣಿನ ಮೇಲೆ ಕೂತ ನೊಣವನ್ನೂ ಅದಕ್ಕೆ ಹೊಂಚು ಹಾಕಿದ ಹಲ್ಲಿಯನ್ನೂ ಮಾರ್ಗದರ್ಶಿಗಳು ತೋರಿಸುವುದುಂಟು. ಒಳ್ಳೆಯ ಮಾರ್ಗದರ್ಶಿ ಮೊದಲೇ ಬೆರಳು ತೋರಿಸದೆ "ಹಲ್ಲಿ ಎಲ್ಲಿದೆ ಹೇಳಿ" ಎಂದು ಕಾಯುತ್ತಾರೆ. ಕತ್ತೆತ್ತಿ ಹುಡುಕುವವರಲ್ಲಿ ಮುದುಕರೂ ಮಕ್ಕಳೂ ಒಂದೇ. ಕಂಡವರು ಪಕ್ಕದವರಿಗೆ ತಕ್ಷಣ ಹೇಳಿಬಿಡದೆ ಸ್ವಲ್ಪ ಹೊತ್ತು ತಮ್ಮಲ್ಲೇ ಇಟ್ಟುಕೊಳ್ಳುವುದನ್ನು ನಾನು ಗಮನಿಸಿದ್ದೇನೆ. ಪತಿಗೆ ಆ ಹಲ್ಲಿ ನೆನಪಿತ್ತು. ತಮಗೆ ಅದು ಮೇಷ್ಟ್ರಿಗಿಂತ ಮೊದಲೇ ಕಂಡಿತ್ತು ಎಂದೂ ಹೇಳಿದರು.

ಸಲಹೆ ಹೀಗಿತ್ತು. ಆಟ ನಿಲ್ಲಿಸಬೇಕಾಗಿಲ್ಲ, ರಾತ್ರಿ ಒಂಬತ್ತರಿಂದ ಹತ್ತೂವರೆಯವರೆಗೆ ತಾಯಿಯ ಜವಾಬ್ದಾರಿ ಪೂರ್ತಿಯಾಗಿ ಮಗನದು, ಆ ಹೊತ್ತು ಆಕೆಯದು, ಮತ್ತು ಆಕೆ ಹನ್ನೊಂದಕ್ಕೆ ಮಲಗಬೇಕು. ಬಿಡುವನ್ನು ನಿದ್ದೆಯಿಂದ ಕದಿಯುವ ಸ್ಥಿತಿ ಇದ್ದದ್ದೇ ಇಲ್ಲಿನ ನಿಜವಾದ ತೊಂದರೆ. ಬಳೆ ಕದ್ದೆ ಎಂದು ಅತ್ತೆ ಅಂದಾಗ ವಾದ ಮಾಡಬಾರದು, ಈ ಕಾಯಿಲೆಯಲ್ಲಿ ಇಂಥ ಆರೋಪ ಸಾಮಾನ್ಯ; "ಬನ್ನಿ, ಇಬ್ಬರೂ ಹುಡುಕೋಣ" ಎನ್ನಬೇಕು. ಆದರೆ ಹಾಗೆನ್ನುವ ಸರದಿ ಪ್ರತಿ ಸಲ ಸೊಸೆಯದೇ ಆಗಬಾರದು. ಕನ್ನಡಕ, ಬೀಗದ ಕೈಗಳಿಗೆ ಇನ್ನೊಂದು ಪ್ರತಿ ಮಾಡಿಸಿಡಬೇಕು, ಕಸದ ಬುಟ್ಟಿಯನ್ನು ನೋಡದೆ ಸುರಿಯಬಾರದು, ಪದೇ ಪದೇ ಬಚ್ಚಿಡುವ ಜಾಗಗಳನ್ನು ಬರೆದಿಡಬೇಕು.

ಯಾವ ಆಟ ಎಂಬುದರಲ್ಲಿ ನಾನು ಕಟ್ಟುನಿಟ್ಟಾಗಿದ್ದೆ. ಒಮ್ಮೆ ಹಣ ಕೊಟ್ಟು ಕೊಂಡರೆ ಆದಿಯಿಂದ ಅಂತ್ಯದವರೆಗೆ ಆಡಬಹುದಾದ ಆಟಗಳಿವೆ. ಪೋಲೆಂಡಿನ ಆರ್ಟಿಫೆಕ್ಸ್ ಮುಂಡಿ ಕಂಪನಿ ಹೆಸರಾದದ್ದು ಅಂಥವಕ್ಕೆ. ಕೆಲವು ಗಂಟೆಗಳಲ್ಲಿ ಕಥೆ ಮುಗಿಯುತ್ತದೆ, ಇಳಿಸಿಕೊಂಡ ಮೇಲೆ ನೆಟ್‌ವರ್ಕ್ ಬೇಕಾಗದ ಅಂಥ ಆಟಗಳು ಮುಂಗಾರಿನಲ್ಲಿ ಕರೆಂಟೂ ಸಿಗ್ನಲ್ಲೂ ಇಲ್ಲದ ಮಲೆನಾಡಿನ ಮನೆಗೂ ಹೊಂದುತ್ತವೆ. ಇನ್ನೊಂದು ಬಗೆಯವು ಉಚಿತ ಎಂದು ಶುರುವಾಗಿ, ಒಂದೊಂದು ಚಿತ್ರಕ್ಕೂ 'ಎನರ್ಜಿ' ಖರ್ಚು ಮಾಡಿಸಿ, ಅದು ಮುಗಿದಾಗ ಕಾಯಿರಿ ಇಲ್ಲವೆ ಹಣ ಕೊಡಿ ಎನ್ನುತ್ತವೆ; ಅವಕ್ಕೆ ಕೊನೆಯಿಲ್ಲ, ಅವೇ ಗಂಟೆಗೊಮ್ಮೆ ಕರೆಯುತ್ತವೆ. ಮುಗಿಯದ ಕೆಲಸದಿಂದ ದಣಿದವರಿಗೆ ಮುಗಿಯದ ಆಟವನ್ನು ನಾನು ಎಂದೂ ಸೂಚಿಸುವುದಿಲ್ಲ.

ಈ ಸಲಹೆಯನ್ನು ಒಪ್ಪದ ಸಹೋದ್ಯೋಗಿಗಳಿದ್ದಾರೆ. ನೋವನ್ನು ಎದುರಿಸಲು ಕಲಿಸಬೇಕೇ ಹೊರತು ಅದರಿಂದ ತಪ್ಪಿಸಿಕೊಳ್ಳುವ ದಾರಿಗೆ ನೀವು ಒಪ್ಪಿಗೆ ಕೊಟ್ಟಿರಿ ಎಂದು ಒಬ್ಬರು ನೇರವಾಗಿಯೇ ಹೇಳಿದರು. ನನ್ನ ಉತ್ತರ ಇಷ್ಟೇ: ಆಕೆ ಪ್ರತಿದಿನ ಹದಿನಾರು ಗಂಟೆ ಎದುರಿಸುತ್ತಲೇ ಇದ್ದರು. ಅದನ್ನು ಮಾತಿನಲ್ಲಿ ಹೇಳಲು ಅವರಿಗೆ ಸಾಧ್ಯವಾದದ್ದೂ ಆ ಟ್ಯಾಬ್ ಕೈಯಲ್ಲಿದ್ದಾಗಲೇ. ಗಂಡಸರು ಸಂಜೆ ಕ್ಲಬ್ಬಿನಲ್ಲಿ ಇಸ್ಪೀಟು ಆಡಿ ಬಂದರೆ ಅದನ್ನು ಬಿಡುವು ಎನ್ನುವ ನಾವು, ಹೆಂಗಸು ಒಂದು ಗಂಟೆ ತನ್ನ ಪಾಡಿಗೆ ಕೂತರೆ ಚಿಕಿತ್ಸೆಗೆ ಕರೆತರುವುದನ್ನು ನಾನು ಒಪ್ಪಲಾರೆ.

ಆರು ತಿಂಗಳ ನಂತರದ ಭೇಟಿಯಲ್ಲಿ ಪತಿ ಹೆಚ್ಚು ಮಾತಾಡಿದರು. ಅತ್ತೆಯ ಮುಂದೆ ತಟ್ಟೆಯಲ್ಲಿ ಕಾಫಿ ಬೀಜ ಹರಡಿ ಕೊಟ್ಟರೆ ಅವರು ಕಪ್ಪು ಬೀಜಗಳನ್ನು ಆರಿಸುತ್ತ ಬಹಳ ಹೊತ್ತು ಸಮಾಧಾನವಾಗಿರುತ್ತಾರೆ ಎಂಬುದನ್ನು ಅವರೇ ಕಂಡುಕೊಂಡಿದ್ದರು. ಆಕೆ ಮೂರು ಆಟ ಮುಗಿಸಿದ್ದರು, ನಾಲ್ಕನೆಯದು ಇಷ್ಟವಾಗದೆ ಬಿಟ್ಟಿದ್ದರು. ಬಳೆ ಮಾತ್ರ ಸಿಕ್ಕಿರಲಿಲ್ಲ. ಆಕೆ ಅದನ್ನು ಹುಡುಕುವುದನ್ನು ಬಿಟ್ಟಿದ್ದರು. ಹಳೆಯ ಗೊಬ್ಬರದ ಗುಂಡಿಯನ್ನು ಜರಡಿ ಹಿಡಿದು ನೋಡಿದ್ದು, ಈಗ ಅಟ್ಟದ ಮೂಟೆಗಳನ್ನು ಒಂದೊಂದಾಗಿ ಇಳಿಸುತ್ತಿರುವುದು ಪತಿ.