ಓದುಗರ ಪ್ರಶ್ನೆ: ಒಂದೇ ನೀರು, ಎರಡು ಕೈ

ಪ್ರಶ್ನೆ: ಸಂವೇದನೆ ಬೇರೆ, ಗ್ರಹಿಕೆ ಬೇರೆ ಎಂದು ಪಠ್ಯಪುಸ್ತಕ ಹೇಳುತ್ತದೆ. ಕಂಡಿತು ಎಂದರೆ ಕಂಡಿತು, ಅಷ್ಟೇ ಅಲ್ಲವೇ? ಇದರಲ್ಲಿ ಎರಡು ಹಂತ ಎಲ್ಲಿಂದ ಬಂತು?

ಉತ್ತರ: ಕಣ್ಣಿಗೆ ಬೀಳುವುದು ಬೆಳಕು; ಆದರೆ ಮಿದುಳಿಗೆ ಹೋಗುವುದು ಬೆಳಕಲ್ಲ, ನರದ ವಿದ್ಯುತ್ ಮಿಡಿತ. ಕಿವಿ, ಚರ್ಮ, ಮೂಗಿನದೂ ಇದೇ ಕಥೆ. ಹೊರಗಿನ ಪ್ರಚೋದನೆಯನ್ನು ಗ್ರಾಹಕ ಕೋಶಗಳು ಮಿಡಿತವಾಗಿ ಬದಲಿಸುವವರೆಗಿನದು ಸಂವೇದನೆ. ಆ ಮಿಡಿತಗಳನ್ನು ಜೋಡಿಸಿ ‘ಇದು ಇಂಥದ್ದು’ ಎಂದು ಮಿದುಳು ಕಟ್ಟಿಕೊಳ್ಳುವುದು ಗ್ರಹಿಕೆ. ಸಾಮಾನ್ಯವಾಗಿ ಎರಡೂ ಬೆಸೆದುಕೊಂಡೇ ಇರುತ್ತವೆ. ಬಿಡಿಸಿ ನೋಡಲು ಒಂದು ಹಾಳೆ ಸಾಕು.

ಹಾಳೆಯ ಎಡಕ್ಕೆ ಒಂದು ಗುಣಾಕಾರದ ಗುರುತು ಹಾಕಿ. ಅದರಿಂದ 8 ಸೆಂ.ಮೀ. ಬಲಕ್ಕೆ, 1 ಸೆಂ.ಮೀ. ಅಗಲದ ಕಪ್ಪು ಚುಕ್ಕೆ ಇಡಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಗುರುತನ್ನೇ ದಿಟ್ಟಿಸುತ್ತ ಹಾಳೆಯನ್ನು 50 ಸೆಂ.ಮೀ. ದೂರದಿಂದ ನಿಧಾನವಾಗಿ ಹತ್ತಿರ ತನ್ನಿ. ಸುಮಾರು 30 ಸೆಂ.ಮೀ.ಗೆ ಬಂದಾಗ ಚುಕ್ಕೆ ಮಾಯ. 20 ಸೆಂ.ಮೀ.ಗೆ ತಂದರೆ ಮತ್ತೆ ಹಾಜರ್. ದೃಷ್ಟಿನರ ಅಕ್ಷಿಪಟಲದಿಂದ ಹೊರಡುವ ಜಾಗದಲ್ಲಿ ಬೆಳಕಿನ ಗ್ರಾಹಕಗಳೇ ಇಲ್ಲ. ಚುಕ್ಕೆಯ ಬಿಂಬ ಅಲ್ಲಿ ಬಿದ್ದಷ್ಟು ಹೊತ್ತು ಅದು ಕಾಣುವುದಿಲ್ಲ. ‘ನನಗೆ ಮಾಯವಾಗಲೇ ಇಲ್ಲ’ ಎನ್ನುವವರು ಹೆಚ್ಚಾಗಿ ಚುಕ್ಕೆಯತ್ತ ಕಣ್ಣು ಹೊರಳಿಸಿರುತ್ತಾರೆ, ಇಲ್ಲವೇ ಬೇರೆ ಕಣ್ಣು ಮುಚ್ಚಿರುತ್ತಾರೆ. ಹಾಳೆ ಓರೆಯಾದರೂ ಪ್ರಯೋಗ ಕೆಡುತ್ತದೆ.

ಈಗ ಚುಕ್ಕೆಯ ನಡುವೆ ಹಾಯ್ದು ಎರಡೂ ಕಡೆ 4 ಸೆಂ.ಮೀ. ಚಾಚುವಂತೆ ಅಡ್ಡಗೆರೆ ಎಳೆದು ಮತ್ತೆ ನೋಡಿ. ಚುಕ್ಕೆ ಹೋಗುತ್ತದೆ, ಗೆರೆ ಮಾತ್ರ ತುಂಡಾಗದೆ ಉದ್ದಕ್ಕೂ ಕಾಣುತ್ತದೆ! ಆ ಜಾಗದ ಗೆರೆಯನ್ನು ಕಂಡ ಗ್ರಾಹಕ ಒಂದೂ ಇಲ್ಲ. ಅಕ್ಕಪಕ್ಕದ್ದನ್ನು ನೋಡಿ ಮಿದುಳು ತುಂಬಿಕೊಂಡದ್ದು ಅದು. ಸಂವೇದನೆ ಸೊನ್ನೆ, ಗ್ರಹಿಕೆ ಪೂರ್ತಿ.

ಪ್ರಶ್ನೆ: ಬಿಸಿ, ತಣ್ಣಗೆ, ಉಗುರುಬೆಚ್ಚಗೆ ಎಂದು ಮೂರು ಬಟ್ಟಲು ನೀರಿಟ್ಟು ಕೈ ಅದ್ದುವ ಪ್ರಯೋಗವನ್ನು ಮಗಳು ಶಾಲೆಗಾಗಿ ಮಾಡಿದಳು. ಎರಡೂ ಕೈಗೆ ವ್ಯತ್ಯಾಸವೇ ತಿಳಿಯಲಿಲ್ಲ. ತಪ್ಪು ಎಲ್ಲಿ?

ಉತ್ತರ: ಬಹುಶಃ ಅವಸರದಲ್ಲಿ. ಒಂದು ಕೈ 40 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ, ಇನ್ನೊಂದು 15 ಡಿಗ್ರಿಯದರಲ್ಲಿ ಪೂರ್ತಿ ಎರಡು ನಿಮಿಷ ಇರಬೇಕು. ಆಮೇಲೆ ಒರೆಸಿಕೊಳ್ಳದೆ, ಎರಡನ್ನೂ ಒಟ್ಟಿಗೇ 28 ಡಿಗ್ರಿಯ ನಡುವಿನ ಬಟ್ಟಲಿಗೆ ಇಳಿಸಬೇಕು. ಒಂದಾದ ಮೇಲೊಂದು ಅದ್ದಿದರೆ ಹೋಲಿಕೆ ಹೋಯಿತು. ಉತ್ತರವನ್ನು ಮೊದಲ ಕೆಲವು ಸೆಕೆಂಡುಗಳಲ್ಲೇ ಕೇಳಿ. ತಡವಾದಷ್ಟೂ ಎರಡು ಕೈಗಳೂ ಹೊಸ ನೀರಿಗೆ ಒಗ್ಗಿಕೊಳ್ಳುತ್ತವೆ. ಮಂಜುಗಡ್ಡೆ ಹಾಕಬೇಡಿ, ಕೈ ಜೋಮು ಹಿಡಿದು ಏನೂ ತಿಳಿಯದು. ಬಿಸಿನೀರು 43 ಡಿಗ್ರಿ ದಾಟಿದರೆ ನೋವಿನ ಗ್ರಾಹಕಗಳು ಎಚ್ಚರಗೊಳ್ಳುತ್ತವೆ. ಮಕ್ಕಳ ಕೈ, ಥರ್ಮಾಮೀಟರ್‌ನಲ್ಲಿ ನೋಡಿಯೇ ಬಟ್ಟಲು ತುಂಬಿಸಿ.

ಸರಿಯಾಗಿ ಮಾಡಿದರೆ ಅದೇ ನೀರು ಒಂದು ಕೈಗೆ ಬೆಚ್ಚಗೆ, ಇನ್ನೊಂದಕ್ಕೆ ತಣ್ಣಗೆ. ಚರ್ಮ ಉಷ್ಣತೆಯನ್ನು ಅಳೆದು ಹೇಳುವುದಿಲ್ಲ. ಈಗಿದ್ದದ್ದಕ್ಕಿಂತ ಏರಿತೇ, ಇಳಿಯಿತೇ ಎಂಬುದನ್ನೇ ಜೋರಾಗಿ ಹೇಳುತ್ತದೆ. ತೊಟ್ಟ ಅಂಗಿ ಸ್ವಲ್ಪ ಹೊತ್ತಿಗೆ ಮೈಗೆ ಮರೆತುಹೋಗುವುದೂ ಇದೇ ಕಾರಣಕ್ಕೆ.

ಪ್ರಶ್ನೆ: ಮುಟ್ಟಿದರೆ ಮುನಿಗೆ ನರವಿಲ್ಲ, ಮಿದುಳಿಲ್ಲ. ಮುಟ್ಟಿದ್ದು ಅದಕ್ಕೆ ಗೊತ್ತಾಗುವುದು ಹೇಗೆ?

ಉತ್ತರ: ‘ಗೊತ್ತಾಗುವುದು’ ಎಂಬ ಮಾತನ್ನು ಸದ್ಯ ಪಕ್ಕಕ್ಕಿಡೋಣ. ಸಂವೇದನೆಗೆ ನರವೇ ಬೇಕೆಂದಿಲ್ಲ. ಎಲೆ ಅಲುಗಿದಾಗ ಹುಟ್ಟುವ ವಿದ್ಯುತ್ ಸಂಕೇತ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್ ವೇಗದಲ್ಲಿ ತೊಟ್ಟಿನ ಬುಡದ ಉಬ್ಬಿಗೆ ತಲುಪುತ್ತದೆ. ಅಲ್ಲಿ ಒಂದು ಮಗ್ಗುಲಿನ ಕೋಶಗಳಿಂದ ಪೊಟ್ಯಾಸಿಯಂ, ಕ್ಲೋರೈಡ್ ಅಯಾನುಗಳು ಹೊರಬೀಳುತ್ತವೆ, ಹಿಂದೆಯೇ ನೀರೂ. ಆ ಮಗ್ಗುಲು ಸೊರಗಿ ಎಲೆ ಮಡಿಚಿಕೊಳ್ಳುತ್ತದೆ. ಮತ್ತೆ ನೀರು ತುಂಬಿ ಬಿಡಿಸಿಕೊಳ್ಳಲು ಹದಿನೈದಿಪ್ಪತ್ತು ನಿಮಿಷ ಬೇಕು. ಪದೇಪದೇ ಕೆಣಕಿದರೆ ಮಡಿಚುವುದೂ ಮಂದವಾಗುತ್ತದೆ.

ಕೀಟ ಹಿಡಿಯುವ ವೀನಸ್ ಫ್ಲೈಟ್ರಾಪ್ ಇನ್ನೂ ಲೆಕ್ಕಾಚಾರದ್ದು. ಎಲೆಯೊಳಗಿನ ಸೂಕ್ಷ್ಮ ರೋಮಗಳನ್ನು ಒಮ್ಮೆ ತಾಕಿದರೆ ಸುಮ್ಮನಿರುತ್ತದೆ. ಸುಮಾರು 20 ಸೆಕೆಂಡಿನೊಳಗೆ ಎರಡನೇ ಸಲ ತಾಕಿದರೆ ತಟ್ಟನೆ ಮುಚ್ಚಿಕೊಳ್ಳುತ್ತದೆ. ಒಂಟಿ ಮಳೆಹನಿಗೆ ಮೋಸಹೋಗದಿರಲು ಇಷ್ಟು ಸಾಕು. ಇವನ್ನು ಗ್ರಹಿಕೆ ಎನ್ನಬೇಕೇ? ನಮ್ಮ ಮಟ್ಟಿಗೆ ಸಂವೇದನೆ, ಪ್ರತಿಕ್ರಿಯೆ ಎಂದರೆ ಸಾಕು. ಗಿಡ ‘ಮುನಿಸಿಕೊಳ್ಳುತ್ತದೆ’ ಎಂಬುದು ಹೆಸರಿಗಷ್ಟೇ.

ಪ್ರಶ್ನೆ: ಖಾರ ಒಂದು ರುಚಿಯೇ?

ಉತ್ತರ: ಅಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ತಟ್ಟುವುದು ರುಚಿಯ ಗ್ರಾಹಕಕ್ಕಲ್ಲ, ಮೇಲೆ ಹೇಳಿದ 43 ಡಿಗ್ರಿಯ ಸುಡುಬಿಸಿಗೆ ತೆರೆದುಕೊಳ್ಳುವ ಗ್ರಾಹಕಕ್ಕೇ. ಅದಕ್ಕೇ ಬಾಯಿ ‘ಉರಿಯುತ್ತದೆ’. ಈ ಗ್ರಾಹಕವನ್ನು ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ 2021ರ ನೊಬೆಲ್ ಹಂಚಿಕೊಂಡರು. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದು, ಹಾಲು ಕುಡಿಯಿರಿ. ಹಕ್ಕಿಗಳಲ್ಲೂ ಈ ಗ್ರಾಹಕ ಇದೆ, ಬಿಸಿಗೆ ತೆರೆದುಕೊಳ್ಳುತ್ತದೆ, ಆದರೆ ಕ್ಯಾಪ್ಸೈಸಿನ್‌ಗೆ ಜಗ್ಗುವುದಿಲ್ಲ. ಗಿಳಿ ಹಣ್ಣುಮೆಣಸಿನಕಾಯಿಯನ್ನು ಆರಾಮಾಗಿ ಕುಕ್ಕಿ ತಿನ್ನುವುದು ಹಾಗಾಗಿಯೇ.